ಕಾರ್ನರ್‌ನಲ್ಲಿ ಹೋದದ್ದು ಕಾರ್ನರ್‌ನಲ್ಲೇ ಬಂತು

ಹೋದ ಸಂಚಿಕೆಯಲ್ಲಿ ನಿಮ್ಮನ್ನು ಒಂದು ಪ್ರಶ್ನೆ ಕೇಳಿದ್ದೆ. ನಿಮ್ಮ ಫುಟ್‌ಬಾಲ್ ಕ್ಲಬ್ ಗೆದ್ದ ಕಪ್‌ಗಳಲ್ಲಿ ಮನಸ್ಸಿಗೆ ಹತ್ತಿರವಾದದ್ದು ಯಾವುದು, ಅವತ್ತು ನೀವು ಎಲ್ಲಿದ್ದಿರಿ ಅಂತ. ಉತ್ತರ ಕೇಳಿದರೆ ಅದರ ಜೊತೆ ಪ್ರಶ್ನೆಗಳೂ ರಾಶಿ ಬಂದವು. ಲಿವರ್‌ಪೂಲ್, ಬಾರ್ಸಿಲೋನಾ ಅಂತ ಬರೆದವರೂ ಇದ್ದಾರೆ, ಅವರ ಪತ್ರಗಳನ್ನು ಮುಂದಿನ ಸಲಕ್ಕೆ ಎತ್ತಿಟ್ಟಿದ್ದೇನೆ. ಹೆಚ್ಚಿನವರು ಬರೆದದ್ದು ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಬಗ್ಗೆ, ಅದರಲ್ಲೂ ಮುಂಬೈಯ ಆ ಒಂದು ರಾತ್ರಿ ಬಗ್ಗೆ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ಮೇಡಂ, ಬಿಎಫ್‌ಸಿ 2013ರಲ್ಲಿ ಶುರುವಾದಾಗಿನಿಂದ ಐ-ಲೀಗ್ ಎರಡು ಸಲ ಗೆದ್ದಿದೆ, ಫೆಡರೇಷನ್ ಕಪ್ ಎರಡು ಸಲ, ಆಮೇಲೆ ಸೂಪರ್ ಕಪ್, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್), ಡ್ಯುರಾಂಡ್. ನಿಮ್ಮ ಪ್ರಕಾರ ಎಲ್ಲಕ್ಕಿಂತ ದೊಡ್ಡದು ಯಾವುದು? ಒಂದೇ ಹೇಳಿ, ಜಾರಿಕೊಳ್ಳಬೇಡಿ.
— ಒಬ್ಬ ಓದುಗರು, ಹಾಸನ

ಉತ್ತರ: ಜಾರಿಕೊಳ್ಳುವುದಿಲ್ಲ. 2019ರ ಮಾರ್ಚ್ 17, ಭಾನುವಾರ, ಮುಂಬೈಯ ಅಂಧೇರಿ. ಐಎಸ್‌ಎಲ್ ಫೈನಲ್, ಎಫ್‌ಸಿ ಗೋವಾ ಎದುರು 1-0. ನನಗೆ ಅದೇ ದೊಡ್ಡದು.

ಯಾಕೆ ದೊಡ್ಡದು ಅಂತ ಹೇಳಬೇಕಾದರೆ ಸರಿಯಾಗಿ ಒಂದು ವರ್ಷ ಹಿಂದೆ ಹೋಗಬೇಕು. ಒಂದು ದಿನ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. 2018ರ ಮಾರ್ಚ್ 17, ಶನಿವಾರ, ನಮ್ಮ ಕಂಠೀರವ ಸ್ಟೇಡಿಯಂ. ಬಿಎಫ್‌ಸಿಗೆ ಐಎಸ್‌ಎಲ್‌ನಲ್ಲಿ ಅದು ಮೊದಲನೇ ವರ್ಷ. ಲೀಗ್‌ನ 18 ಪಂದ್ಯಗಳಲ್ಲಿ 40 ಅಂಕ ತೆಗೆದು ಎಲ್ಲರಿಗಿಂತ ಮೇಲೆ ಕೂತಿತ್ತು. ಎರಡನೇ ಸ್ಥಾನದ ಚೆನ್ನೈ ತಂಡ ಚೆನ್ನೈಯಿನ್‌ಗೆ 32 ಅಂಕ. ಅದೇ ಚೆನ್ನೈಯಿನ್ ಫೈನಲ್‌ಗೆ ಬಂತು, ಅದೂ ನಮ್ಮ ಊರಿಗೇ. ಒಂಬತ್ತನೇ ನಿಮಿಷಕ್ಕೆ ಸುನಿಲ್ ಛೆಟ್ರಿ ಮುಂದಕ್ಕೆ ಹಾರಿ ತಲೆಯಲ್ಲಿ ಹೊಡೆದ ಗೋಲು. ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಆಗಲೇ ಮನೆಗೆ ಫೋನ್ ಮಾಡಿ "ಹಾಕಿದ್ರು ಕಣೇ, ಹಾಕಿದ್ರು" ಅಂದರು. ಅವರ ದನಿ ನಡುಗುತ್ತಿತ್ತು.

ಆಮೇಲೆ ಏನಾಯ್ತು ಗೊತ್ತಲ್ಲ. 17ನೇ ನಿಮಿಷಕ್ಕೆ ಚೆನ್ನೈಯಿನ್‌ಗೆ ಒಂದು ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಒದೆಯುವ ಅವಕಾಶ. ಮೈಲ್ಸನ್ ಆಲ್ವೆಸ್ ತಲೆ, ಗೋಲು. ಹಾಫ್ ಟೈಮ್‌ಗೆ ಇನ್ನೇನು ಸೀಟಿ ಊದಬೇಕು, ಮತ್ತೆ ಕಾರ್ನರ್, ಮತ್ತೆ ಅದೇ ಮೈಲ್ಸನ್, ಮತ್ತೆ ಅದೇ ತಲೆ. 67ನೇ ನಿಮಿಷಕ್ಕೆ ರಾಫೆಲ್ ಆಗಸ್ಟೊ ಮೂರನೆಯದನ್ನು ಹಾಕಿದರು. ಕೊನೆಯಲ್ಲಿ ಮಿಕು ಒಂದು ಗೋಲು ಹೊಡೆದಾಗ ಮತ್ತೆ ಆಸೆ ಹುಟ್ಟಿತು, ಆದರೆ ಟೈಮೇ ಉಳಿದಿರಲಿಲ್ಲ. 2-3. ವರ್ಷವೆಲ್ಲ ಗೆದ್ದು ಮನೆಯ ಅಂಗಳದಲ್ಲಿ ಸೋತೆವು. ಫೋನ್ ಮಾಡಿದ್ದ ಹಿರಿಯರು ಪಂದ್ಯ ಮುಗಿದ ಮೇಲೂ ತುಂಬಾ ಹೊತ್ತು ಎದ್ದಿರಲಿಲ್ಲ. ನಾವೂ ಎದ್ದಿರಲಿಲ್ಲ. ಅವತ್ತು ರಾತ್ರಿ ಕಸ್ತೂರಬಾ ರಸ್ತೆಯಲ್ಲಿ ಅಷ್ಟೊಂದು ಜನ ನೀಲಿ ಅಂಗಿ ಹಾಕಿಕೊಂಡು ನಡೆಯುತ್ತಿದ್ದರು, ಯಾರೂ ಮಾತಾಡುತ್ತಿರಲಿಲ್ಲ. ಆಟೋದವರೂ "ಎಷ್ಟಾಯ್ತು" ಅಂತ ಕೇಳದೆ ಮುಖ ನೋಡಿ ಸುಮ್ಮನಾದರು.

ಈಗ 2019ಕ್ಕೆ ಬನ್ನಿ. ಮುಂಬೈಯಲ್ಲಿ ಫೈನಲ್ ಅಂದ ತಕ್ಷಣ ನನ್ನ ತಮ್ಮ "ಹೋಗೋಣ ಅಕ್ಕಾ" ಅಂದ. ಸುಮಾರು ಸಾವಿರ ಕಿಲೋಮೀಟರ್. ಶನಿವಾರ ಮಧ್ಯಾಹ್ನ ಬಸ್ ಹತ್ತಿದೆವು. ಅಮ್ಮ ಪುಳಿಯೋಗರೆ, ಮೊಸರನ್ನ ಎರಡೂ ಕಟ್ಟಿಕೊಟ್ಟಿದ್ದರು, ಮೊಸರನ್ನ ಮೊದಲು ತಿನ್ನಿ ಹುಳಿ ಬರುತ್ತೆ ಅಂತ ನಾಲ್ಕು ಸಲ ಹೇಳಿದ್ದರು. ಬಸ್ಸಿನಲ್ಲಿ ಇನ್ನೂ ಐದಾರು ನೀಲಿ ಅಂಗಿಯವರಿದ್ದರು, ಹುಬ್ಬಳ್ಳಿ ದಾಟುವಷ್ಟರಲ್ಲಿ ಎಲ್ಲರೂ ಬಳಗದವರ ಹಾಗೆ ಆಗಿಬಿಟ್ಟಿದ್ದೆವು. ತಮ್ಮ ಪರ್ಸಿನಿಂದ ಒಂದು ಚೀಟಿ ತೆಗೆದು ತೋರಿಸಿದ. ಹಿಂದಿನ ವರ್ಷದ ಫೈನಲ್ ಟಿಕೆಟ್. ಮಡಿಸಿ ಮಡಿಸಿ ನಡುವೆ ಸೀಳಿತ್ತು. "ಇದನ್ನ ಯಾಕೋ ಇಟ್ಕೊಂಡಿದ್ದೀಯ" ಅಂದೆ. "ಬಿಸಾಕೋಕೆ ಆಗ್ಲಿಲ್ಲ" ಅಂದ.

ಅಂಧೇರಿಯ ಆ ಮೈದಾನ ನಮ್ಮ ಕಂಠೀರವದಷ್ಟು ದೊಡ್ಡದಲ್ಲ. ಮೆಟ್ರೋದಲ್ಲಿ ಆಜಾದ್ ನಗರ ಸ್ಟೇಷನ್‌ಗೆ ಇಳಿದರೆ ಹತ್ತಿರ. ಗೋವಾದವರು ಕಿತ್ತಳೆ ಬಣ್ಣದಲ್ಲಿ ತುಂಬಿಕೊಂಡು ಬಂದಿದ್ದರು. ಅವರದು ಒಳ್ಳೆಯ ತಂಡ, ಆ ವರ್ಷ 16 ಗೋಲು ಹೊಡೆದು ಚಿನ್ನದ ಬೂಟು ತೆಗೆದುಕೊಂಡ ಕೋರೋ ಇದ್ದರು. ಲೀಗ್‌ನಲ್ಲಿ ಎರಡೂ ತಂಡಕ್ಕೆ ತಲಾ 34 ಅಂಕ, ಪರಸ್ಪರ ಪಂದ್ಯಗಳ ಲೆಕ್ಕದಲ್ಲಿ ನಾವು ಮೇಲೆ ಇದ್ದೆವು ಅಷ್ಟೆ. 90 ನಿಮಿಷ ಮುಗಿದರೂ ಗೋಲಿಲ್ಲ. ಎಕ್ಸ್‌ಟ್ರಾ ಟೈಮ್‌ನ ಮೊದಲ ಭಾಗದ ಕೊನೆಗೆ ಗೋವಾದ ಅಹ್ಮದ್ ಜಾಹೂ ಎರಡನೇ ಹಳದಿ ಕಾರ್ಡ್, ಅಂದರೆ ರೆಡ್ ಕಾರ್ಡ್ ಸಿಕ್ಕಿ ಹೊರಗೆ ಹೋದರು. ಅವರು ಹತ್ತು ಜನ, ನಾವು ಹನ್ನೊಂದು.

ಹೊತ್ತು ಹೋಗುತ್ತಾ ಇತ್ತು. ಪೆನಾಲ್ಟಿಗೆ ಹೋಗುತ್ತೆ ಅಂತ ಎಲ್ಲರೂ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದರು. ಆಗ ನಮಗೆ ಒಂದು ಕಾರ್ನರ್. ಡಿಮಾಸ್ ಡೆಲ್ಗಾಡೊ ಚೆಂಡು ಇಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ತಮ್ಮ ನನ್ನ ಕೈ ಹಿಡಿದುಕೊಂಡಿದ್ದ, ಬೆವರಿನಲ್ಲಿ ಕೈ ಒದ್ದೆ. ನಿಜ ಹೇಳಬೇಕಂದ್ರೆ ಚೆಂಡು ತಲೆಗೆ ತಾಗಿದ್ದನ್ನು ನಾನು ನೋಡಲಿಲ್ಲ, ಮುಂದೆ ನಿಂತಿದ್ದವರ ತಲೆ ಅಡ್ಡ ಬಂತು. ನೋಡಿದ್ದು ಬಲೆ ಅಲ್ಲಾಡಿದ್ದು. ಆಮೇಲೆ ನಮ್ಮ ಡಿಫೆಂಡರ್ ರಾಹುಲ್ ಭೇಕೆ ಓಡಿದ್ದು. 117ನೇ ನಿಮಿಷ. ನಮ್ಮ ಮುಂದೆ ಇದ್ದ ಹುಡುಗ ಹಿಂದಕ್ಕೆ ತಿರುಗಿ ನಮ್ಮಿಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡ. ಅವನು ಯಾರು, ಯಾವ ಊರು, ಇವತ್ತಿಗೂ ಗೊತ್ತಿಲ್ಲ. ತಮ್ಮ ಮಾತ್ರ ಕುಣಿಯಲಿಲ್ಲ. ಕೂತುಬಿಟ್ಟ. ಮಂಡಿ ಮೇಲೆ ತಲೆ ಇಟ್ಟುಕೊಂಡು "ಕಾರ್ನರ್ ಅಕ್ಕಾ, ಕಾರ್ನರ್" ಅಂತ ಹೇಳುತ್ತಲೇ ಇದ್ದ.

ಅದಕ್ಕೇ ನನಗೆ ಇದು ದೊಡ್ಡದು. ಕಾರ್ನರ್‌ನಲ್ಲಿ ಕಳೆದುಕೊಂಡದ್ದನ್ನು ಅದೇ ದಿನ, ಒಂದು ವರ್ಷ ಬಿಟ್ಟು, ಕಾರ್ನರ್‌ನಲ್ಲೇ ತಗೊಂಡೆವು. 2018ರ ರಾತ್ರಿ ಕಂಠೀರವದಲ್ಲಿ ಕೂತಿದ್ದವರಿಗೆ ಆ ಹೆಡರ್ ಬರೀ ಒಂದು ಗೋಲಾಗಿ ಕಾಣಿಸಲೇ ಇಲ್ಲ.

ಪ್ರಶ್ನೆ: ನಾನು ಈಗಷ್ಟೇ ಫುಟ್‌ಬಾಲ್ ನೋಡಲು ಶುರು ಮಾಡಿದ್ದೇನೆ. 2019ರ ಫೈನಲ್‌ನಲ್ಲಿ ಭೇಕೆ ಗೋಲು 117ನೇ ನಿಮಿಷಕ್ಕೆ ಅಂತಾರೆ. ಆಟ 90 ನಿಮಿಷ ಅಲ್ವಾ, 117ನೇ ನಿಮಿಷ ಎಲ್ಲಿಂದ ಬಂತು? ಇನ್ನೊಂದು, ಭೇಕೆ ಡಿಫೆಂಡರ್ ಅಂತಾರೆ, ಅಂದರೆ ಗೋಲು ಬೀಳದ ಹಾಗೆ ತಡೆಯುವವರು. ಡಿಫೆಂಡರ್‌ಗೆ ಎದುರಾಳಿಯ ಗೋಲಿನ ಮುಂದೆ ಏನು ಕೆಲಸ?
— ಓದುಗರೊಬ್ಬರು, ತುಮಕೂರು

ಉತ್ತರ: ಲೀಗ್ ಪಂದ್ಯವಾದರೆ 90 ನಿಮಿಷಕ್ಕೆ ಸಮ ಆದರೂ ಮನೆಗೆ ಹೋಗಬಹುದು, ತಲಾ ಒಂದು ಅಂಕ. ಫೈನಲ್‌ನಲ್ಲಿ ಹಾಗಿಲ್ಲ, ಒಬ್ಬರು ಗೆಲ್ಲಲೇಬೇಕು. ಅದಕ್ಕೆ 15-15 ನಿಮಿಷದ ಎರಡು ಭಾಗ ಮತ್ತೆ ಆಡಿಸುತ್ತಾರೆ. ಅದೇ ಎಕ್ಸ್‌ಟ್ರಾ ಟೈಮ್. ಆಗಲೂ ಆಗದಿದ್ದರೆ ಪೆನಾಲ್ಟಿ ಶೂಟೌಟ್. 117 ಅಂದರೆ ಶೂಟೌಟ್‌ಗೆ ಇನ್ನು ಮೂರೇ ನಿಮಿಷ ಬಾಕಿ ಇತ್ತು ಅಂತ ಅರ್ಥ. ಆ ಹೊತ್ತಿಗೆ ಆಟಗಾರರ ಕಾಲು ಕಲ್ಲಾಗಿರುತ್ತೆ. ಎರಡು ಗಂಟೆ ಓಡಿದ ಮೇಲೆ ಒಂದು ಜಿಗಿತ ಜಿಗಿಯುವುದಿದೆಯಲ್ಲ, ಟಿವಿಯಲ್ಲಿ ನೋಡುವಾಗ ಅದರ ಕಷ್ಟ ಗೊತ್ತಾಗುವುದಿಲ್ಲ.

ಡಿಫೆಂಡರ್ ಬಗ್ಗೆ. ಕಾರ್ನರ್ ಸಿಕ್ಕಾಗ ಚೆಂಡು ಮೇಲಿನಿಂದ ಹಾರಿ ಬರುತ್ತೆ. ಎತ್ತರ ಇರುವವರು, ತಲೆಯಲ್ಲಿ ಚೆನ್ನಾಗಿ ಹೊಡೆಯುವವರು ಯಾರು? ದಿನವಿಡೀ ತಲೆಯಲ್ಲಿ ಚೆಂಡು ತಳ್ಳುವ ಡಿಫೆಂಡರ್‌ಗಳೇ. ಹಾಗಾಗಿ ಕಾರ್ನರ್ ಅಂದ ಕೂಡಲೇ ಅವರು ತಮ್ಮ ಜಾಗ ಬಿಟ್ಟು ಮೇಲೆ ಬರುತ್ತಾರೆ. ಮೈಲ್ಸನ್ ಕೂಡ ಡಿಫೆಂಡರೇ, ಭೇಕೆ ಕೂಡ ಡಿಫೆಂಡರೇ. ಎದುರಿನ ತಂಡ ಒಬ್ಬೊಬ್ಬರಿಗೆ ಒಬ್ಬೊಬ್ಬರನ್ನು ಕಾವಲು ಹಾಕುತ್ತೆ. ಹತ್ತೇ ಜನ ಉಳಿದಾಗ ಆ ಕಾವಲಿನಲ್ಲಿ ಒಂದು ಜಾಗ ಖಾಲಿ ಬೀಳುತ್ತೆ. ಮುಂದಿನ ಸಲ ಕಾರ್ನರ್ ಬಂದಾಗ ಚೆಂಡನ್ನು ನೋಡಬೇಡಿ, ಗೋಲಿನ ಮುಂದೆ ಯಾರು ಯಾರನ್ನು ಹಿಡಿದುಕೊಂಡಿದ್ದಾರೆ, ಯಾರು ತಪ್ಪಿಸಿಕೊಂಡು ಓಡಲು ನೋಡುತ್ತಿದ್ದಾರೆ ಅಂತ ನೋಡಿ. ಅರ್ಧ ಆಟ ಅಲ್ಲೇ ಇದೆ.

ಇನ್ನೊಂದು ಹೇಳಲೇಬೇಕು. ಭೇಕೆ ಮುಂಬೈ ಹುಡುಗ. ತನ್ನ ಊರಿನಲ್ಲಿ ಬೆಂಗಳೂರಿಗೆ ಕಪ್ ಗೆದ್ದುಕೊಟ್ಟರು. ಅದಕ್ಕೂ ಮುಂಚೆ, 2018ರ ಏಪ್ರಿಲ್‌ನಲ್ಲಿ ಭುವನೇಶ್ವರದ ಸೂಪರ್ ಕಪ್ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ ಮೊದಲು ಗೋಲು ಹಾಕಿದಾಗ ಸಮ ಮಾಡಿದ್ದೂ ಇವರೇ. ಆ ಪಂದ್ಯ 4-1ಕ್ಕೆ ಗೆದ್ದೆವು.

ಪ್ರಶ್ನೆ: ನಾನು ಕನ್ನಡದವನು, ಊರು ಗದಗ, ಆದರೆ ಹುಟ್ಟಿ ಬೆಳೆದಿದ್ದು ವಾಸ್ಕೋ. ಎಫ್‌ಸಿ ಗೋವಾ ನನ್ನ ತಂಡ. ನಿಮ್ಮ ಸಂತೋಷ ನಿಮಗೆ ಇರಲಿ, ಆದರೆ ಅವತ್ತು ಆ ರೆಡ್ ಕಾರ್ಡ್ ಇಲ್ಲದಿದ್ದರೆ ಕಥೆಯೇ ಬೇರೆ ಇತ್ತು. ಇದನ್ನು ಯಾಕೆ ಯಾರೂ ಬರೆಯುವುದಿಲ್ಲ?
— ಒಬ್ಬ ಓದುಗ, ವಾಸ್ಕೋ

ಉತ್ತರ: ಬರೆದಿದ್ದೇನೆ ನೋಡಿ, ಮೇಲೆಯೇ ಇದೆ. ಹನ್ನೊಂದು ಜನರ ಎದುರು ಹತ್ತು ಜನ ಆಡುವುದು ಎಷ್ಟು ಕಷ್ಟ ಅಂತ ಆಟ ನೋಡುವ ಎಲ್ಲರಿಗೂ ಗೊತ್ತು. ನೀವು ಹೇಳುವುದರಲ್ಲಿ ತಪ್ಪಿಲ್ಲ.

ನಿಮ್ಮ ಪತ್ರ ಓದಿದಾಗ ನನಗೆ ನೆನಪಾದದ್ದು 2015ರ ಡಿಸೆಂಬರ್. ನಿಮ್ಮ ಗೋವಾದ ಫತೋರ್ಡಾದಲ್ಲೇ ಐಎಸ್‌ಎಲ್ ಫೈನಲ್. ಎದುರಿಗೆ ಅದೇ ಚೆನ್ನೈಯಿನ್. ಸ್ಕೋರ್ ಅದೇ, 2-3. ಅದೂ ಕೊನೆಯ ಗಳಿಗೆಯಲ್ಲಿ ಕೈ ತಪ್ಪಿದ್ದು. ಅಂದರೆ ಮನೆಯಲ್ಲಿ ಫೈನಲ್ ಸೋಲುವುದು ಅಂದ್ರೇನು ಅಂತ ನಮಗಿಂತ ಎರಡು ವರ್ಷಕ್ಕೂ ಹೆಚ್ಚು ಮೊದಲೇ ನಿಮಗೆ ಗೊತ್ತಿತ್ತು. ಅಂಧೇರಿಯಲ್ಲಿ ಪಂದ್ಯ ಮುಗಿದ ಮೇಲೆ ಹೊರಗೆ ನಿಂತಿದ್ದಾಗ ಕಿತ್ತಳೆ ಅಂಗಿ ಹಾಕಿದ್ದ ಒಂದು ಕುಟುಂಬ ನಮ್ಮ ಎದುರಿಗೆ ಬಂತು. ಅಪ್ಪನ ಹೆಗಲ ಮೇಲೆ ಮಲಗಿದ್ದ ಮಗು. ನಮ್ಮ ಗುಂಪಿನಲ್ಲಿ ಕೂಗುತ್ತಿದ್ದವರು ದನಿ ತಗ್ಗಿಸಿ ದಾರಿ ಬಿಟ್ಟರು. ಆ ಅಪ್ಪ ತಲೆ ಅಲ್ಲಾಡಿಸಿ "ಚೆನ್ನಾಗಿ ಆಡಿದ್ರಿ" ಅನ್ನುವ ಹಾಗೆ ಕೈ ಎತ್ತಿದರು. ಅದು ನನಗೆ ಗೋಲಿನಷ್ಟೇ ನೆನಪಿದೆ.

ಮತ್ತೆ, ನಿಮ್ಮವರು ಸುಮ್ನೆ ಕೂರಲಿಲ್ಲ. ಒಂದು ತಿಂಗಳೊಳಗೆ ಅದೇ ಚೆನ್ನೈಯಿನ್ ಅನ್ನು 2-1ಕ್ಕೆ ಸೋಲಿಸಿ ಸೂಪರ್ ಕಪ್ ಎತ್ತಿದರು. ಮುಂದಿನ ವರ್ಷ ಲೀಗ್‌ನಲ್ಲಿ ಮೊದಲನೆಯವರಾದರು. ಗದಗಿನ ಹುಡುಗನಿಗೆ ಅಷ್ಟು ಹೆಮ್ಮೆ ಇದ್ದೇ ಇರಬೇಕು.

ಪ್ರಶ್ನೆ: ಕಪ್ ಗೆದ್ದದ್ದೇ ದೊಡ್ಡದಾ? ನನ್ನ ಪ್ರಕಾರ ಬಿಎಫ್‌ಸಿಯ ಅತಿ ದೊಡ್ಡ ರಾತ್ರಿ 2016ರಲ್ಲಿ ಕಂಠೀರವದಲ್ಲಿ ಜೊಹೋರ್ ತಂಡವನ್ನು ಸೋಲಿಸಿದ್ದು. ನೀವು ಏನಂತೀರಿ?
— ಓದುಗರೊಬ್ಬರು, ಮೈಸೂರು

ಉತ್ತರ: ನೀವು ಹೇಳಿದ ರಾತ್ರಿ ಬಗ್ಗೆ ವಾದ ಮಾಡಲು ನನಗೆ ಮನಸ್ಸೇ ಬರುವುದಿಲ್ಲ. 2016ರ ಅಕ್ಟೋಬರ್ 19, ಏಷ್ಯಾದ ಕ್ಲಬ್‌ಗಳು ಆಡುತ್ತಿದ್ದ ಎಎಫ್‌ಸಿ ಕಪ್‌ನ ಸೆಮಿಫೈನಲ್, ಎರಡನೇ ಪಂದ್ಯ. ಮಲೇಷ್ಯಾದ ಜೊಹೋರ್ ದಾರುಲ್ ತಾಜಿಮ್ ಆಗ ಹಾಲಿ ಚಾಂಪಿಯನ್. ಅಲ್ಲಿ ಮೊದಲ ಪಂದ್ಯ 1-1 ಆಗಿತ್ತು, ಯುಜೆನ್ಸನ್ ಲಿಂಗ್ಡೊ ಹೊಡೆದ ಗೋಲು ನಮಗೆ ಆಸರೆ. ಇಲ್ಲಿ ಹನ್ನೊಂದನೇ ನಿಮಿಷಕ್ಕೇ ಅವರು ಮುಂದೆ ಹೋದರು. ಆಮೇಲೆ ಛೆಟ್ರಿ ಒಂದು, ಛೆಟ್ರಿ ಇನ್ನೊಂದು, ಹುವಾನನ್ ಮೂರನೆಯದು. 3-1. ಭಾರತದ ಒಂದು ಕ್ಲಬ್ ಎಎಫ್‌ಸಿ ಕಪ್ ಫೈನಲ್ ಸೇರಿದ್ದು ಅದೇ ಮೊದಲು. ಛೆಟ್ರಿಯ ಎರಡನೇ ಗೋಲು ದೂರದಿಂದ ಹೊಡೆದದ್ದು, ಚೆಂಡು ಕಾಲಿನಿಂದ ಹೊರಟಾಗಲೇ ಪಶ್ಚಿಮದ ಸ್ಟ್ಯಾಂಡ್ ವೆಸ್ಟ್ ಬ್ಲಾಕ್‌ನಲ್ಲಿದ್ದವರು ಎದ್ದು ನಿಂತಿದ್ದರು.

ಆಟದ ಮಟ್ಟ ನೋಡಿದರೆ ಅದೇ ಮೇಲು, ಒಪ್ಪುತ್ತೇನೆ. ಆದರೆ ನಾನು ಕೇಳಿದ್ದು ಕಪ್ ಬಗ್ಗೆ. ದೋಹಾದ ಫೈನಲ್‌ನಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ ಎದುರು 0-1ಕ್ಕೆ ಸೋತೆವು. ಜೊಹೋರ್ ರಾತ್ರಿ ನೆನೆಸಿಕೊಂಡಾಗೆಲ್ಲ ಅದರ ಹಿಂದೆಯೇ ದೋಹಾ ಬರುತ್ತೆ ನನಗೆ. ಅಂಧೇರಿ ನೆನೆಸಿಕೊಂಡಾಗ ಹಿಂದೆ ಏನೂ ಬರುವುದಿಲ್ಲ, ಅಲ್ಲಿಗೇ ನಿಲ್ಲುತ್ತೆ.

ಪ್ರಶ್ನೆ: ಆ ದೋಹಾ ಫೈನಲ್‌ಗೆ ನಾನು ಹೋಗಿದ್ದೆ ಮೇಡಂ. ರಜೆ ಸಿಗದೆ ಡ್ಯೂಟಿ ಬದಲಾಯಿಸಿಕೊಂಡು ಹೋಗಿದ್ದೆ. ಸೋತರೂ ಬೇಜಾರಾಗಲಿಲ್ಲ, ಮರಳುಗಾಡಿನಲ್ಲಿ ಕೂತು ಬೆಂಗಳೂರು ಅನ್ನುವ ಹೆಸರು ಕೂಗಿದೆವು ಅಂತಲೇ ಖುಷಿ. 2019ರ ಫೈನಲ್ ಮಾತ್ರ ರೂಮಿನಲ್ಲಿ ಮೊಬೈಲ್‌ನಲ್ಲಿ ನೋಡಿದ್ದು. ನಾನೂ ಅದರಲ್ಲಿ ಪಾಲುದಾರ ಅಂತ ಹೇಳಿಕೊಳ್ಳಬಹುದಾ?
— ದೋಹಾದಿಂದ ಒಬ್ಬ ಕನ್ನಡಿಗ

ಉತ್ತರ: ಅದರಲ್ಲಿ ಕೇಳುವುದೇನಿದೆ! ಸೋತ ಫೈನಲ್‌ಗೆ ಡ್ಯೂಟಿ ಬದಲಾಯಿಸಿಕೊಂಡು ಹೋದವರ ಪಾಲು ಎಲ್ಲರಿಗಿಂತ ಜಾಸ್ತಿ. ರಜೆಗೆ ಊರಿಗೆ ಬಂದಾಗ ಒಂದು ಪಂದ್ಯಕ್ಕೆ ಕಂಠೀರವಕ್ಕೆ ಬನ್ನಿ. ಪಶ್ಚಿಮದ ಸ್ಟ್ಯಾಂಡ್‌ನಲ್ಲಿ ನಮ್ಮ ಅಭಿಮಾನಿಗಳ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನವರ ನಡುವೆ ನಿಂತುಕೊಳ್ಳಿ, ನಿಮ್ಮ ದೋಹಾ ಕಥೆ ಹೇಳಿ. ಮುಗಿಯುವವರೆಗೂ ಬಿಡುವುದಿಲ್ಲ ಅವರು.

ಪ್ರಶ್ನೆ: ಲೀಗ್‌ನಲ್ಲಿ ಮೊದಲ ಸ್ಥಾನ ಬಂದವರೇ ಚಾಂಪಿಯನ್ ಆಗಬೇಕು, ಮತ್ತೆ ಫೈನಲ್ ಯಾಕೆ? 2018ರಲ್ಲಿ ಬಿಎಫ್‌ಸಿಗೆ ಅನ್ಯಾಯ ಆಗಲಿಲ್ವಾ?
— ಒಬ್ಬ ಓದುಗರು, ದಾವಣಗೆರೆ

ಉತ್ತರ: ಅನ್ಯಾಯ ಅನ್ನುವುದಿಲ್ಲ, ನಿಯಮ ಮೊದಲೇ ಗೊತ್ತಿತ್ತು. ಐ-ಲೀಗ್‌ನಲ್ಲಿ ನೀವು ಹೇಳಿದ ಹಾಗೇ ಇತ್ತು, ಅಂಕಪಟ್ಟಿಯ ಮೇಲೆ ಇದ್ದವರೇ ಚಾಂಪಿಯನ್. ಬಿಎಫ್‌ಸಿ 2014ರಲ್ಲಿ ಮೊದಲ ಪ್ರಯತ್ನಕ್ಕೇ ಹಾಗೆ ಗೆದ್ದಿತು, ಆಶ್ಲಿ ವೆಸ್ಟ್‌ವುಡ್ ಕೋಚ್ ಆಗಿದ್ದಾಗ. ಐಎಸ್‌ಎಲ್‌ನಲ್ಲಿ ಆಗ ಪ್ಲೇ-ಆಫ್ ಪದ್ಧತಿ ಇತ್ತು, ಅಂಕಪಟ್ಟಿಯ ಮೇಲಿನ ತಂಡಗಳು ಮತ್ತೆ ಸೆಮಿಫೈನಲ್, ಫೈನಲ್ ಆಡುತ್ತಿದ್ದವು. ಲೀಗ್‌ನಲ್ಲಿ ಮೊದಲು ಬಂದವರಿಗೆ ಪ್ರತ್ಯೇಕ ಶೀಲ್ಡ್ ಕೊಡಲು ಶುರು ಮಾಡಿದ್ದು 2019-20ರಿಂದ. ಅದಕ್ಕೂ ಮುಂಚೆ ಮೊದಲ ಸ್ಥಾನಕ್ಕೆ ಬಂದ ತಂಡ ಕಪ್ಪನ್ನೂ ಗೆಲ್ಲಲು ಆಗದೆ ವರ್ಷಗಟ್ಟಲೆ ಹೋಗಿತ್ತು. ಎರಡನ್ನೂ ಒಟ್ಟಿಗೆ ಮಾಡಿದ ಮೊದಲ ತಂಡ 2018-19ರ ಬಿಎಫ್‌ಸಿ. ಕೋಚ್ ಕಾರ್ಲೆಸ್ ಕ್ವದ್ರಾತ್. ಅವರು ಹಿಂದಿನ ವರ್ಷ ಆಲ್ಬರ್ಟ್ ರೋಕಾ ಕೈಕೆಳಗೆ ಸಹಾಯಕರಾಗಿದ್ದವರು, ಆ 2-3ರ ನೋವನ್ನು ಹತ್ತಿರದಿಂದ ನೋಡಿದವರು. ಅವರ ತಂಡ ಸೆಮಿಫೈನಲ್‌ನಲ್ಲೂ ಹೆದರಿಸಿತ್ತು. ಎರಡು ಪಂದ್ಯದ ಗೋಲು ಕೂಡಿಸಿ ಲೆಕ್ಕ ಹಾಕುವ ಆ ಹಂತದ ಮೊದಲ ಪಂದ್ಯ ಗುವಾಹಟಿಯಲ್ಲಿ, ನಾರ್ತ್ ಈಸ್ಟ್ ಎದುರು 1-2ಕ್ಕೆ ಸೋತು ಬಂದರು. ಇಲ್ಲಿ 72ನೇ ನಿಮಿಷದವರೆಗೂ ಗೋಲಿಲ್ಲ. ಆಮೇಲೆ ಮಿಕು, ಡಿಮಾಸ್, ಛೆಟ್ರಿ ಸಾಲಾಗಿ ಮೂರು. ತಾಳ್ಮೆ ಅಂದರೆ ಅದು.

ಪ್ರಶ್ನೆ: ನಮ್ಮ ತಾತ ಹಲಸೂರಿನವರು. ಈಗಿನವರು ಬೆಂಗಳೂರಿಗೆ ಫುಟ್‌ಬಾಲ್ ಬಂದದ್ದೇ 2013ರಲ್ಲಿ ಅನ್ನುವ ಹಾಗೆ ಮಾತಾಡ್ತಾರೆ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಅವರಿಗೆ ಏನಾದರೂ ಹೇಳಿ.
— ಕಾಲೇಜು ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ತಾತನಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಬೇಜಾರು ಮಾಡಿಕೊಳ್ಳುವುದು ಸರಿಯೇ. ರೋವರ್ಸ್ ಕಪ್ ಅಂತ ಇತ್ತು, ಬಾಂಬೆಯಲ್ಲಿ ನಡೆಯುತ್ತಿದ್ದದ್ದು. ಶುರುವಾದಾಗಿನಿಂದ ಬ್ರಿಟಿಷ್ ಪಡೆಗಳ ತಂಡಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಅದನ್ನು ಕಿತ್ತುಕೊಂಡದ್ದು ಯಾರು? ಬೆಂಗಳೂರು ಮುಸ್ಲಿಮ್ಸ್ ಕ್ಲಬ್. 1938ರಲ್ಲಿ ಮತ್ತೆ ಅವರೇ. ನಮ್ಮ ಊರಿನ ಹುಡುಗರು ಮುಂಬೈಗೆ ಹೋಗಿ ಕಪ್ ತಂದದ್ದು 2019ರಲ್ಲಿ ಮೊದಲಲ್ಲ, ಅದಕ್ಕೆ 82 ವರ್ಷ ಮುಂಚೆ! ಆ ಕ್ಲಬ್ಬಿನಲ್ಲಿ ಆಡಿದ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲೂ 1952ರಲ್ಲೂ ಭಾರತಕ್ಕೆ ಆಡಿದರು, ಕೋಲ್ಕತ್ತದ ಈಸ್ಟ್ ಬೆಂಗಾಲ್‌ನವರು ಅವರನ್ನು ತಮ್ಮ ತಂಡದ ಐವರು ಫಾರ್ವರ್ಡ್‌ಗಳಾದ ಪಂಚಪಾಂಡವರಲ್ಲಿ ಒಬ್ಬರು ಅಂತ ಇವತ್ತಿಗೂ ನೆನೆಯುತ್ತಾರೆ.

ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತ್ತು, ಕೊನೆಯದು 1968-69ರಲ್ಲಿ. ಆಮೇಲೆ 54 ವರ್ಷ ಬರಲೇ ಇಲ್ಲ. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ಕ್ಕೆ ಸೋಲಿಸಿ ಕರ್ನಾಟಕ ಗೆದ್ದಾಗ ನಿಮ್ಮ ತಾತನಂಥವರ ಮನೆಗಳಲ್ಲಿ ಏನು ನಡೆಯಿತು ಅಂತ ನನಗೆ ನೋಡಬೇಕಿತ್ತು. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇಟ್ಟಿದ್ದಾರೆ, ಇಡೀ ಬೀದಿಗೆ ಬೀದಿಯೇ ಫುಟ್‌ಬಾಲ್ ಆಡುವ ಜಾಗ ಅದು. ತಾತನನ್ನು ಅಲ್ಲಿಗೆ ಒಂದು ಸಂಜೆ ಕರೆದುಕೊಂಡು ಹೋಗಿ. ಅವರು ಹೇಳಿದ್ದನ್ನು ಬರೆದುಕೊಳ್ಳಿ, ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಇನ್ನೂ ಒಳ್ಳೆಯದು. ಈ ಪುಟದಲ್ಲಿ ಹಾಕೋಣ.

ಪ್ರಶ್ನೆ: 2022ರ ಡ್ಯುರಾಂಡ್ ಕಪ್ ಮರೆತುಬಿಟ್ರಾ?
— ಒಬ್ಬ ಓದುಗರು, ಮಂಗಳೂರು

ಉತ್ತರ: ಮರೆತಿಲ್ಲ. 1888ರಲ್ಲಿ ಶುರುವಾದ ಟೂರ್ನಿ, ಏಷ್ಯಾದಲ್ಲೇ ಹಳೆಯದು. ಕೋಲ್ಕತ್ತದಲ್ಲಿ ಮುಂಬೈ ಸಿಟಿಯನ್ನು 2-1ಕ್ಕೆ ಸೋಲಿಸಿದೆವು. ಶಿವಶಕ್ತಿ ಮೊದಲ ಗೋಲು. ಗೆಲುವಿನ ಗೋಲು ಛೆಟ್ರಿ ಒದ್ದ ಕಾರ್ನರ್‌ಗೆ ಅಲನ್ ಕೋಸ್ಟಾ ತಲೆ ಕೊಟ್ಟದ್ದು. ನೋಡಿ, ಮತ್ತೆ ಕಾರ್ನರ್, ಮತ್ತೆ ಡಿಫೆಂಡರ್. ನನ್ನ ತಮ್ಮನಿಗೆ ಅವತ್ತು ಫೋನ್ ಮಾಡಿದೆ, ಅವನು ಎತ್ತಿ ಹಲೋ ಕೂಡ ಹೇಳದೆ "ಕಾರ್ನರ್" ಅಂದ.

ಪ್ರಶ್ನೆ: 2019ರ ಫೈನಲ್‌ಗೆ ಅಪ್ಪ, ನಾನು ಇಬ್ಬರೂ ಮುಂಬೈಗೆ ಹೋಗಿದ್ದೆವು. ಅಪ್ಪ ಈಗಿಲ್ಲ. ಅವರ ಬೀರುವಿನಲ್ಲಿ ಆ ಎರಡು ಟಿಕೆಟ್ ಸಿಕ್ಕವು, ಜೊತೆಗೆ ನೀಲಿ ಸ್ಕಾರ್ಫ್. ಟಿಕೆಟ್ ಮೇಲಿನ ಅಕ್ಷರ ಮಾಸುತ್ತಿದೆ. ಲ್ಯಾಮಿನೇಷನ್ ಮಾಡಿಸಲಾ?
— ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ದಯವಿಟ್ಟು ಮಾಡಿಸಬೇಡಿ. ಮೊದಲು ಅದನ್ನೇ ಹೇಳುತ್ತೇನೆ, ಉಳಿದದ್ದು ಆಮೇಲೆ. ಅಕ್ಷರ ಹಾಗೆ ಮಾಸುತ್ತಿದ್ದರೆ ಅದು ಎಟಿಎಂ ಚೀಟಿಯ ಥರದ ಕಾಗದ ಇರಬಹುದು, ಶಾಖ ತಾಗಿದರೆ ಅಕ್ಷರ ಮೂಡುವಂಥದ್ದು. ಲ್ಯಾಮಿನೇಷನ್ ಯಂತ್ರದ ಬಿಸಿಗೆ ಹಾಕಿದರೆ ಪೂರ್ತಿ ಕಪ್ಪಾಗಿಬಿಡುತ್ತೆ, ಮತ್ತೆ ಏನು ಮಾಡಿದರೂ ವಾಪಸ್ ಬರುವುದಿಲ್ಲ. ಇವತ್ತೇ ಎರಡೂ ಟಿಕೆಟ್‌ನ ಫೋಟೋ ತೆಗೆಯಿರಿ, ಹಗಲು ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ. ಆಮೇಲೆ ಸ್ಕ್ಯಾನ್ ಮಾಡಿಸಿ ಗಟ್ಟಿ ಕಾಗದದಲ್ಲಿ ಪ್ರಿಂಟ್ ತೆಗೆಸಿ. ಅಸಲಿ ಟಿಕೆಟ್‌ಗಳನ್ನು ಬಿಳಿ ಕಾಗದದ ಲಕೋಟೆಯಲ್ಲಿ ಹಾಕಿ ಬಿಸಿಲು ಬೀಳದ ಕಡೆ ಇಡಿ. ಪ್ಲಾಸ್ಟಿಕ್ ಕವರ್ ಬೇಡ, ಸೆಲೋಟೇಪ್ ಅಂತೂ ಬೇಡವೇ ಬೇಡ. ಚಿಕ್ಕಮಗಳೂರಿನ ಮಳೆಗಾಲದ ತೇವ ನಿಮಗೇ ಗೊತ್ತು, ಲಕೋಟೆ ಇಡುವ ಡಬ್ಬಿಯಲ್ಲಿ ಸಿಲಿಕಾ ಜೆಲ್‌ನ ಒಂದು ಸಣ್ಣ ಪೊಟ್ಟಣ ಹಾಕಿ, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತಲ್ಲ, ಅದೇ.

ಸ್ಕಾರ್ಫ್ ಒಗೆಯಬೇಡಿ ಅಂತ ನಾನು ಹೇಳುವುದಿಲ್ಲ, ಆದರೆ ನನಗೆ ನೀವು ಬೇಕಂತಲೇ ಒಗೆಯದೆ ಇಟ್ಟಿದ್ದೀರಿ ಅನಿಸುತ್ತೆ. ಹಾಗಿದ್ದರೆ ಹಾಗೇ ಇರಲಿ. ಬಿಸಿಲಿಗೆ ಮಾತ್ರ ಒಣಹಾಕಬೇಡಿ, ನೀಲಿ ಬೇಗ ಬಿಳಿಚಿಕೊಳ್ಳುತ್ತೆ.

ಪ್ರಿಂಟ್ ತೆಗೆಸಿದ ಕಾಗದದ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಡಿ. ಅಪ್ಪನ ಹೆಸರು, ನಿಮ್ಮ ಹೆಸರು, ಯಾವ ಸೀಟು, ಯಾವ ಬಸ್ಸಿಗೆ ಹೋದಿರಿ, ಪಂದ್ಯಕ್ಕೆ ಮುಂಚೆ ಏನು ತಿಂದಿರಿ, ಭೇಕೆ ಗೋಲು ಹೊಡೆದಾಗ ಅಪ್ಪ ಏನಂದರು. ನಿಮ್ಮ ಪತ್ರದಲ್ಲಿ ಅದೊಂದನ್ನು ನೀವು ಬರೆದಿಲ್ಲ. ನೆನಪಿದ್ದರೆ ನನಗೂ ಬರೆದು ಕಳಿಸಿ. ಕಾಯುತ್ತಿರುತ್ತೇನೆ.